ಮನೆಯ ಕುಸ್ವಾರ್, ಪೇಟೆಯ ಕೇಕ್

ಡಿಸೆಂಬರ್ ತಿಂಗಳ ಎರಡನೇ ವಾರ ಬಂತೆಂದರೆ ಮಂಗಳೂರಿನ ಬೇಕರಿಗಳ ಗಾಜಿನ ಕಪಾಟುಗಳ ಚಹರೆಯೇ ಬದಲಾಗುತ್ತದೆ. ಎಂದಿನ ಬನ್ನು, ಬ್ರೆಡ್ಡು, ಪಫ್‌ಗಳು ಹಿಂದಕ್ಕೆ ಸರಿಯುತ್ತವೆ. ಮುಂದಿನ ಸಾಲಿನಲ್ಲಿ ಕಡುಕಂದು ಬಣ್ಣದ ಪ್ಲಮ್ ಕೇಕುಗಳು ಬಂದು ಕೂರುತ್ತವೆ. ಅವುಗಳ ಪಕ್ಕದಲ್ಲೇ ಪೊಟ್ಟಣ ಕಟ್ಟಿಟ್ಟ ಹತ್ತಾರು ಬಗೆಯ ತಿಂಡಿಗಳು: ಅರ್ಧಚಂದ್ರದಂತಹ ಕರ್ಜಿಕಾಯಿ, ಹುಳುವಿನ ಹಾಗೆ ಸುರುಳಿ ಸುತ್ತಿದ ಪುಟ್ಟ ತುಣುಕು, ಗುಲಾಬಿಯಂತೆ ಅರಳಿದ ಗರಿಗರಿ ಬಿಲ್ಲೆ, ಚಕ್ಕುಲಿ, ಉಂಡೆ. ಇವಕ್ಕೆಲ್ಲ ಸೇರಿ ಇರುವ ಹೆಸರು ಒಂದೇ, ಕುಸ್ವಾರ್.

ಕೇಕು, ಕುಸ್ವಾರ್ ಎರಡೂ ಕ್ರಿಸ್‌ಮಸ್ ಹಬ್ಬದ ಸಿಹಿಗಳೇ. ಇಂದು ಎರಡೂ ಒಂದೇ ಅಂಗಡಿಯಲ್ಲಿ ಸಿಗುತ್ತವೆ. ಆದರೆ ಅವು ಬೆಂದದ್ದು ಬೇರೆ ಬೇರೆ ಬೆಂಕಿಯಲ್ಲಿ. ಕುಸ್ವಾರ್ ಮನೆಯ ಒಲೆಯ ಮೇಲಿನ ಬಾಣಲೆಯದು. ಕೇಕು ಪೇಟೆಯ ಬೇಕರಿಯ ಓವನ್ನಿನದು. ಈ ಒಂದು ವ್ಯತ್ಯಾಸದಿಂದಾಗಿ ಕುಸ್ವಾರ್ ಒಂದು ಸಮುದಾಯದ ಮನೆಗಳಲ್ಲಿ ಉಳಿಯಿತು, ಕೇಕು ಊರಿಗೆಲ್ಲ ಸೇರಿತು. ಕಳೆದ ಕೆಲವು ದಶಕಗಳಲ್ಲಿ ಇವೆರಡೂ ತಮ್ಮ ಜಾಗವನ್ನು ಅದಲುಬದಲು ಮಾಡಿಕೊಂಡಿವೆ. ಮನೆಯ ತಿಂಡಿ ಅಂಗಡಿಗೆ ಹೋಗಿದೆ, ಅಂಗಡಿಯ ಕೇಕು ಮನೆಗೆ ಬಂದಿದೆ. ಇದು ಹೇಗಾಯಿತು, ಇದರಿಂದ ಹೋದದ್ದೇನು, ಬಂದದ್ದೇನು ಎಂಬುದು ವಿಚಾರ ಮಾಡತಕ್ಕ ಸಂಗತಿ.

ಹೆಸರಿನ ಹಿಂದೆ

ಕುಸ್ವಾರ್ ಎಂಬ ಕೊಂಕಣಿ ಮಾತು ಪೋರ್ಚುಗೀಸ್ ಭಾಷೆಯ ‘ಕೊನ್ಸೊಆಡ’ದಿಂದ ಬಂದದ್ದೆಂಬ ಅಭಿಪ್ರಾಯ ಪ್ರಚಲಿತವಾಗಿದೆ. ಪೋರ್ಚುಗಲ್ಲಿನಲ್ಲಿ ಕೊನ್ಸೊಆಡ ಎಂದರೆ ಉಪವಾಸದ ದಿನ ರಾತ್ರಿ ಮಾಡುವ ಲಘು ಊಟ. ವಿಶೇಷವಾಗಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಮನೆಮಂದಿಯೆಲ್ಲ ಕೂಡಿ ಮಾಡುವ ಊಟ. ಆ ಪದದ ಬೇರು ‘ಸಾಂತ್ವನ’ ಎಂಬ ಅರ್ಥದ ಲ್ಯಾಟಿನ್ ಪದದಲ್ಲಿದೆ. ಹಗಲೆಲ್ಲ ಹಸಿದ ದೇಹಕ್ಕೆ ರಾತ್ರಿ ಸಿಗುವ ಸಮಾಧಾನ ಎಂಬ ಭಾವ ಅದರಲ್ಲಿದೆ. ಗೋವೆಯಲ್ಲಿ ಈ ಮಾತು ಹಬ್ಬಕ್ಕೆ ನೆರೆಹೊರೆಯವರಿಗೆ ಹಂಚುವ ತಿಂಡಿಗಳ ತಟ್ಟೆಗೆ ಹೆಸರಾಗಿ ನಿಂತಿತು.

ಪೋರ್ಚುಗೀಸರು ಗೋವೆಯನ್ನು ಗೆದ್ದದ್ದು 1510ರಲ್ಲಿ. ಅಲ್ಲಿ ಕ್ರೈಸ್ತಮತಕ್ಕೆ ಸೇರಿದ ಅನೇಕ ಕೊಂಕಣಿ ಕುಟುಂಬಗಳು ಮುಂದಿನ ಎರಡು ಶತಮಾನಗಳಲ್ಲಿ ಅಲೆಅಲೆಯಾಗಿ ದಕ್ಷಿಣದ ಕೆನರಾ ಕರಾವಳಿಗೆ ವಲಸೆ ಬಂದವು. 1560ರಲ್ಲಿ ಆರಂಭವಾದ ಮತೀಯ ವಿಚಾರಣೆಯ ಕಾಠಿಣ್ಯ, ಬರ, ತೆರಿಗೆ, ಮರಾಠರ ದಾಳಿ ಹೀಗೆ ಇದಕ್ಕೆ ಕಾರಣಗಳು ಹಲವು. ಬಂದವರು ತಮ್ಮ ಭಾಷೆಯ ಜೊತೆಗೆ ಅಡುಗೆಯನ್ನೂ ತಂದರು.

ಹೆಸರು ಪೋರ್ಚುಗೀಸ್ ಮೂಲದ್ದಾದರೂ ತಟ್ಟೆಯಲ್ಲಿರುವುದನ್ನು ನೋಡಿದರೆ ಕನ್ನಡ ನಾಡಿನ ಯಾವ ಗೃಹಿಣಿಗೂ ಪರಿಚಯ ಹೇಳಬೇಕಾಗಿಲ್ಲ. ಅಲ್ಲಿನ ನೆವ್ರ್ಯೊ ನಮ್ಮ ಕರ್ಜಿಕಾಯಿ. ಎಳ್ಳು, ತೆಂಗಿನಕಾಯಿ, ಹುರಿಗಡಲೆ, ಬೆಲ್ಲ ಅಥವಾ ಸಕ್ಕರೆ ಸೇರಿದ ಹೂರಣ ಅದರ ಹೊಟ್ಟೆಯಲ್ಲಿರುತ್ತದೆ. ಇದೇ ತಿಂಡಿಯನ್ನು ಹಿಂದೂ ಕೊಂಕಣಿಗರು ಗಣೇಶನ ಚೌತಿಗೆ ಮಾಡುತ್ತಾರೆ. ತುಕ್ಡಿ ಎಂಬುದು ಶಂಕರಪೋಳಿ. ಚಕ್ಕುಲಿಯಂತೂ ಗೋಕುಲಾಷ್ಟಮಿಯ ದಿನ ಕೃಷ್ಣನ ಮುಂದಿರುವ ಚಕ್ಕುಲಿಯೇ. ಹುರಿದ ಅಕ್ಕಿಯ ಹುಡಿಗೆ ಬೆಲ್ಲ, ತೆಂಗಿನಕಾಯಿ, ಏಲಕ್ಕಿ ಹಾಕಿ ಕಟ್ಟುವ ಲಾಡುವಿಗೆ ಯಾವ ಮತದ ಗುರುತೂ ಇಲ್ಲ. ದೇವರ ಹೆಸರು ಬದಲಾಯಿತು, ಹಬ್ಬದ ತಿಥಿ ಬದಲಾಯಿತು. ಬಾಣಲೆ ಮಾತ್ರ ಹಾಗೆಯೇ ಉಳಿಯಿತು.

ಬಾಣಲೆಯ ನ್ಯಾಯ

ಬಾಣಲೆ ಉಳಿದದ್ದಕ್ಕೆ ಕಾರಣವಿದೆ. ನಮ್ಮ ಕಡೆಯ ಅಡುಗೆಮನೆಗಳಲ್ಲಿ ಬೇಯಿಸುವುದು, ಹಬೆಗಿಡುವುದು, ಹುರಿಯುವುದು, ಕರಿಯುವುದು, ಕಾವಲಿಯ ಮೇಲೆ ಸುಡುವುದು ಎಲ್ಲವೂ ಉಂಟು. ಹಿಟ್ಟಿನ ಸುತ್ತಲೂ ನಾಲ್ಕು ಕಡೆಯಿಂದ ಒಣ ಶಾಖ ಕೊಡುವ ಮುಚ್ಚಿದ ಗೂಡು ಮಾತ್ರ ಇರಲಿಲ್ಲ. ಹೀಗಾಗಿ ಹಬ್ಬದ ಒಣ ಸಿಹಿಯೆಂದರೆ ಬಹುಮಟ್ಟಿಗೆ ಎಣ್ಣೆಯಲ್ಲಿ ಕರಿದದ್ದೇ. ಕರಿಯುವುದರಲ್ಲಿ ಇನ್ನೊಂದು ಅನುಕೂಲವೂ ಇದೆ. ಕಾದ ಎಣ್ಣೆ ಹಿಟ್ಟಿನಲ್ಲಿರುವ ನೀರನ್ನು ಆವಿಯಾಗಿಸಿ ಹೊರದೂಡುತ್ತದೆ. ನೀರಿಲ್ಲದ ಕಡೆ ಬೂಸು ಬೆಳೆಯುವುದಿಲ್ಲ. ಡಿಸೆಂಬರ್ ಮಧ್ಯದಲ್ಲಿ ಡಬ್ಬಿ ಸೇರಿದ ತಿಂಡಿ ಜನವರಿ 6ರ ಮೂವರು ಅರಸರ ಹಬ್ಬದವರೆಗೂ ಗರಿಗರಿಯಾಗಿ ಉಳಿಯುವುದು ಇದರಿಂದಲೇ.

ಓವನ್ ಇಲ್ಲದೆಯೂ ಕೇಕಿನಂತಹದನ್ನು ಮಾಡುವ ಸಾಹಸ ನಡೆಯದೆ ಇರಲಿಲ್ಲ. ಗೋವೆಯ ಬೆಬಿಂಕಾ ಇದಕ್ಕೆ ಸಾಕ್ಷಿ. ತೆಂಗಿನಹಾಲು, ಮೊಟ್ಟೆಯ ಹಳದಿ, ಸಕ್ಕರೆ, ಮೈದಾ ಕಲಸಿದ ಹಿಟ್ಟನ್ನು ತೆಳುವಾಗಿ ಪಾತ್ರೆಗೆ ಹೊಯ್ದು, ಮುಚ್ಚಳದ ಮೇಲೆ ಕೆಂಡ ಹರಡಿ ಬೇಯಿಸುತ್ತಾರೆ. ಒಂದು ಪದರ ಕೆಂಪಗಾದ ಮೇಲೆ ತುಪ್ಪ ಸವರಿ ಇನ್ನೊಂದು. ಹೀಗೆ ಸಾಮಾನ್ಯವಾಗಿ ಏಳು ಪದರ, ಕೆಲವೊಮ್ಮೆ ಇನ್ನೂ ಹೆಚ್ಚು. ಅರ್ಧ ದಿನವೇ ಅದಕ್ಕೆ ಬೇಕು. 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಸಿಹಿ, ಶಾಖವನ್ನು ಮೇಲಿನಿಂದ ಕೊಡಲು ಮನೆಯವರು ಪಟ್ಟ ಪಾಡಿನ ಫಲ.

ಕುಸ್ವಾರಿನ ತಿಂಡಿಗಳಲ್ಲಿ ಮಕ್ಕಳಿಗೆ ಪ್ರಿಯವಾದದ್ದು ಕಿಡ್ಯೊ. ಕೊಂಕಣಿಯಲ್ಲಿ ಹಾಗೆಂದರೆ ಹುಳುಗಳು. ಬೇರೆ ಕಡೆ ಇದಕ್ಕೆ ಕಲ್‌ಕಲ್ ಎನ್ನುತ್ತಾರೆ. ತೆಂಗಿನಹಾಲಿನಲ್ಲಿ ಕಲಸಿದ ಹಿಟ್ಟನ್ನು ಗೋಲಿಯಷ್ಟು ಚಿವುಟಿ, ಹೊಸ ಬಾಚಣಿಗೆಯ ಹಲ್ಲುಗಳ ಮೇಲೋ ಫೋರ್ಕಿನ ಬೆನ್ನ ಮೇಲೋ ಒತ್ತಿ ಹೆಬ್ಬೆರಳಿನಿಂದ ಸುರುಳಿ ಸುತ್ತಿದರೆ ಮೈಮೇಲೆ ಗೆರೆಗಳು ಮೂಡುತ್ತವೆ. ಗೆರೆ ಬರೀ ಅಂದಕ್ಕಲ್ಲ. ಕರಿದಾದ ಮೇಲೆ ಸಕ್ಕರೆ ಪಾಕದಲ್ಲಿ ಹೊರಳಿಸಿದಾಗ ಪಾಕ ಹಿಡಿದು ನಿಲ್ಲುವುದು ಆ ಸಂದುಗಳಲ್ಲೇ. ಒಂದು ಕಿಲೋ ಹಿಟ್ಟಿಗೆ ನೂರಾರು ಸುರುಳಿ ಸುತ್ತಬೇಕು. ಒಬ್ಬರಿಂದ ಆಗದ ಕೆಲಸವಿದು.

ಗುಲಾಬಿ ಆಕಾರದ ಕೊಕ್ಕಿಸಾಂ ಕೈಚಳಕ ಬೇಡುವ ತಿಂಡಿ. ಉದ್ದ ಹಿಡಿಯ ಲೋಹದ ಅಚ್ಚನ್ನು ಮೊದಲು ಕಾದ ಎಣ್ಣೆಯಲ್ಲೇ ಬಿಸಿ ಮಾಡಿ, ಅಕ್ಕಿಹಿಟ್ಟು, ಮೊಟ್ಟೆ, ತೆಂಗಿನಹಾಲಿನ ತೆಳು ಹಿಟ್ಟಿಗೆ ಅದ್ದಬೇಕು. ಅಚ್ಚಿನ ಮುಕ್ಕಾಲು ಭಾಗ ಮಾತ್ರ ಮುಳುಗಬೇಕು. ಪೂರ್ತಿ ಮುಳುಗಿದರೆ ಹಿಟ್ಟು ಮೇಲಿನಿಂದ ಅಚ್ಚನ್ನು ಅಪ್ಪಿಕೊಂಡು ಕಳಚುವುದೇ ಇಲ್ಲ. ಅಚ್ಚು ತಣ್ಣಗಿದ್ದರೆ ಹಿಟ್ಟು ಹಿಡಿಯುವುದೇ ಇಲ್ಲ. ಇದೇ ತಿಂಡಿ ಕೇರಳದಲ್ಲಿ ಅಚ್ಚಪ್ಪಂ, ತಮಿಳುನಾಡಿನಲ್ಲಿ ಅಚ್ಚು ಮುರುಕ್ಕು. ಶ್ರೀಲಂಕಾದಲ್ಲಿ ಇದರ ಹೆಸರು ಕೊಕಿಸ್. ಅದು ಬಿಸ್ಕತ್ತುಗಳೆಂಬ ಅರ್ಥದ ಡಚ್ ಪದದಿಂದ ಬಂದದ್ದೆನ್ನುತ್ತಾರೆ. ಕೊಂಕಣಿಯ ಹೆಸರಿಗೂ ಅದಕ್ಕೂ ಇರುವ ಸಾಮ್ಯ ಕಿವಿಗೇ ತಿಳಿಯುತ್ತದೆ. ಸ್ವೀಡನ್ನಿನಲ್ಲೂ ಇರಾನಿನಲ್ಲೂ ಇಂತಹದೇ ಅಚ್ಚಿನ ತಿಂಡಿಗಳಿವೆ. ಹಡಗಿನ ದಾರಿಯಲ್ಲಿ ಬಂದ ಅಚ್ಚು ನಮ್ಮ ಕರಾವಳಿಯಲ್ಲಿ ಅಕ್ಕಿ, ತೆಂಗುಗಳ ಜೊತೆ ಹೊಂದಿಕೊಂಡಿತು.

ಪೇಟೆಯ ಓವನ್

ಓವನ್ ನಮ್ಮಲ್ಲಿಗೆ ಬಂದದ್ದು ರೊಟ್ಟಿಗಾಗಿ, ಕೇಕಿಗಾಗಿ ಅಲ್ಲ. ಗೋವೆಯಲ್ಲಿ ಪೋರ್ಚುಗೀಸರಿಗೆ ಊಟಕ್ಕೆ ಪಾವ್ ಬೇಕಿತ್ತು. ಯೀಸ್ಟ್ ಸಿಗದ ಕಡೆ ತೆಂಗಿನ ಕಳ್ಳಿನಿಂದಲೇ ಹಿಟ್ಟು ಹುಳಿ ಬರಿಸುವ ಉಪಾಯ ಕಂಡುಕೊಂಡರು. ರೊಟ್ಟಿ ಸುಡುವವನು ‘ಪೊದೆರ್’ ಎನಿಸಿದ. ಬ್ರಿಟಿಷರ ಕಾಲದಲ್ಲಿ ದಂಡು ಬೀಡುಬಿಟ್ಟ ಊರುಗಳಲ್ಲೆಲ್ಲ ಬೇಕರಿಗಳು ಎದ್ದವು. ಹಬ್ಬದ ಕೇಕು ಅವರ ಹಿಂದೆ ಬಂತು.

ಪ್ಲಮ್ ಕೇಕಿನಲ್ಲಿ ಪ್ಲಮ್ ಹಣ್ಣು ಇರಬೇಕೆಂದೇನೂ ಇಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಒಣದ್ರಾಕ್ಷಿಗೂ ಆ ಹೆಸರಿತ್ತು. ಕೇಕು ಕೂಡ ಮೊದಲಿಗೆ ಕ್ರಿಸ್‌ಮಸ್ ದಿನದ್ದಾಗಿರಲಿಲ್ಲ. ಹಬ್ಬದ ಹನ್ನೆರಡನೇ ರಾತ್ರಿಯದಾಗಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಆ ರಾತ್ರಿಯ ಆಚರಣೆ ಕಳೆಗುಂದಿದಂತೆ ಕೇಕು ಡಿಸೆಂಬರ್ 25ಕ್ಕೆ ಸರಿಯಿತು. ಇದು ನಡೆದ ಕಾಲದಲ್ಲೇ ಭಾರತದ ಬೇಕರಿಗಳೂ ಅದನ್ನು ಕೈಗೆತ್ತಿಕೊಂಡವು.

ಕೇರಳದ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬವರು 1880ರಲ್ಲಿ ಬಿಸ್ಕತ್ತಿನ ಕಾರ್ಖಾನೆ ತೆರೆದಿದ್ದರು. 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದ ಸಾಹೇಬರು ಇಂಗ್ಲೆಂಡಿನಿಂದ ತಂದ ಕೇಕೊಂದನ್ನು ಕೊಟ್ಟು ಅಂತಹದೇ ಮಾಡಬಲ್ಲಿರಾ ಎಂದು ಕೇಳಿದರಂತೆ. ಫ್ರೆಂಚ್ ಬ್ರಾಂದಿಯ ಬದಲು ಊರಿನ ಗೇರುಹಣ್ಣಿನ, ಬಾಳೆಹಣ್ಣಿನ ಮದ್ಯ ಬಳಸಿ ಬಾಪು ಕೇಕು ಮಾಡಿಕೊಟ್ಟರು, ಸಾಹೇಬರು ಮೆಚ್ಚಿ ಇನ್ನಷ್ಟು ತರಿಸಿದರು ಎಂಬುದು ಆ ಮನೆತನದಲ್ಲಿ ನಡೆದುಬಂದ ಕಥೆ.

ಬೆಂಗಳೂರಿನ ಕಥೆಯೂ ಸ್ವಾರಸ್ಯದ್ದೇ. ಹಾಸನ ಕಡೆಯ ಎಚ್.ಎಸ್. ತಿರುಮಲಾಚಾರ್ ಅವರು ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದದ್ದು 1898ರಲ್ಲಿ. ಅವರು ಬೇಕರಿ ವಿದ್ಯೆಯನ್ನು ಇಂಗ್ಲಿಷರೊಬ್ಬರಿಂದ ಕಲಿತರೆಂದು ಹೇಳುತ್ತಾರೆ. ಇಂದು ಕರ್ನಾಟಕದ ಊರೂರಿನಲ್ಲಿ ಕಾಣುವ ಅಯ್ಯಂಗಾರ್ ಬೇಕರಿಗಳ ಪರಂಪರೆ ಅಲ್ಲಿಂದ ಬೆಳೆಯಿತು. ಮೊಟ್ಟೆ ಮುಟ್ಟದ ಮಂದಿ ಕೇಕು ಮಾಡಲು ಕಲಿತು, ಮೊಟ್ಟೆಯಿಲ್ಲದ ಕೇಕನ್ನು ಇಡೀ ನಾಡಿಗೆ ತಿನ್ನಿಸಿದ್ದು ಸಣ್ಣ ಮಾತೇನಲ್ಲ. ದಂಡು ಪ್ರದೇಶದ ಫ್ರೇಜರ್ ಟೌನಿನಲ್ಲಿ 1902ರಲ್ಲಿ ಆರಂಭವಾದ ಆಲ್ಬರ್ಟ್ ಬೇಕರಿಯನ್ನು ನಡೆಸಿಕೊಂಡು ಬಂದದ್ದು ಮುಸ್ಲಿಂ ಕುಟುಂಬ; ಅಲ್ಲಿ ಶುಭ ಶುಕ್ರವಾರಕ್ಕೆ ಶಿಲುಬೆ ಗುರುತಿನ ಬನ್ನು ತಯಾರಾಗುತ್ತದೆ. ನೀಲಗಿರಿ ಬೆಟ್ಟದಲ್ಲಿ 1905ರಲ್ಲಿ ಮುತ್ತುಸ್ವಾಮಿ ಮೊದಲಿಯಾರ್ ಅವರ ಬೆಣ್ಣೆ ವ್ಯಾಪಾರದಿಂದ ಹುಟ್ಟಿದ ನೀಲಗಿರೀಸ್ 1936ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಬಂತು. 1970ರ ದಶಕದಲ್ಲಿ ಅದರ ಆಶ್ರಯದಲ್ಲಿ ಆರಂಭವಾದ ಕೇಕ್ ಪ್ರದರ್ಶನ ನಗರದ ಡಿಸೆಂಬರ್ ಜಾತ್ರೆಯೇ ಆಯಿತು. ಅತ್ತ ಕಲ್ಕತ್ತೆಯ ನ್ಯೂ ಮಾರ್ಕೆಟ್ಟಿನಲ್ಲಿ ನಾಹೂಮ್ ಎಂಬ ಬಾಗ್ದಾದಿ ಯಹೂದಿಗಳ ಬೇಕರಿಯ ಮುಂದೆ ಕ್ರಿಸ್‌ಮಸ್ ಕೇಕಿಗೆ ಸಾಲು ನಿಲ್ಲುವುದು ವಾಡಿಕೆ.

ಇದರಲ್ಲೊಂದು ವಿಶೇಷವಿದೆ. ಕುಸ್ವಾರ್ ಮಾಡಿದವರು, ಹಬ್ಬ ಆಚರಿಸಿದವರು ಇಬ್ಬರೂ ಒಂದೇ ಮನೆಯವರು. ಕೇಕು ಮಾಡಿದವರಿಗೆ ಹಲವೆಡೆ ಆ ಹಬ್ಬವೇ ಇರಲಿಲ್ಲ. ಓವನ್ ವ್ಯಾಪಾರದ ಸಾಧನ, ಅದು ಯಾರಿಗಾದರೂ ಮಾರುತ್ತದೆ. ಹೀಗಾಗಿ ಕೇಕು ಬಹುಬೇಗ ಊರಿನ ಸ್ವತ್ತಾಯಿತು. ಹುಟ್ಟುಹಬ್ಬಕ್ಕೆ, ಹೊಸ ವರ್ಷಕ್ಕೆ ಜಾತಿಮತದ ಭೇದವಿಲ್ಲದೆ ಮನೆ ಸೇರಿತು. ಕಿಡ್ಯೊ, ಗುಳಿಯೊಗಳ ರುಚಿ ಕ್ರೈಸ್ತರ ನೆರೆಮನೆಯವರಿಗಷ್ಟೇ ಗೊತ್ತಾಗಿ ಉಳಿಯಿತು.

ಹಿಟ್ಟು ಮನೆಯದು, ಬೆಂಕಿ ಬೇಕರಿಯದು

ಎರಡು ಬೆಂಕಿಗಳ ನಡುವೆ ಒಂದು ಸೇತುವೆಯೂ ಇತ್ತು. ಬೆಂಗಳೂರಿನ ದಂಡು ಪ್ರದೇಶದಲ್ಲಿ, ಕಲ್ಕತ್ತೆಯಲ್ಲಿ ಆಂಗ್ಲೋ ಇಂಡಿಯನ್ ಮತ್ತಿತರ ಕ್ರೈಸ್ತ ಕುಟುಂಬಗಳು ಕೇಕಿನ ಹಿಟ್ಟನ್ನು ಮನೆಯಲ್ಲೇ ಕಲಸಿ, ತಗಡಿನ ಅಚ್ಚುಗಳಲ್ಲಿ ತುಂಬಿ, ಹೆಸರಿನ ಚೀಟಿ ಅಂಟಿಸಿ ಹತ್ತಿರದ ಬೇಕರಿಗೆ ಹೊರುತ್ತಿದ್ದವು. ಬೇಯಿಸಿದ್ದಕ್ಕೆ ಕೂಲಿ ಕೊಟ್ಟು ಕೇಕು ತರುತ್ತಿದ್ದವು.

ಬೇಕರಿಯ ಸೌದೆ ಓವನ್ನಿಗೂ ಈ ಕೇಕಿಗೂ ಚೆನ್ನಾಗಿ ಹೊಂದುತ್ತಿತ್ತು. ಇಟ್ಟಿಗೆಯ ಗೂಡಿನೊಳಗೆ ಬೆಂಕಿ ಉರಿಸಿ, ಕೆಂಡ ಸರಿಸಿದ ಮೇಲೂ ಇಟ್ಟಿಗೆಗಳು ಗಂಟೆಗಟ್ಟಲೆ ಶಾಖ ಬಿಡುತ್ತವೆ. ಮೊದಲ ಜೋರು ಕಾವಿಗೆ ಬ್ರೆಡ್ಡು. ಕಾವು ಇಳಿದ ಮೇಲೆ ಕೇಕು. ಒಣಹಣ್ಣು ತುಂಬಿದ ದಪ್ಪ ಕೇಕಿಗೆ ಬೇಕಾದದ್ದೂ ಮಂದವಾದ, ದೀರ್ಘವಾದ ಕಾವೇ. ಜೋರು ಬೆಂಕಿಗೆ ಸಿಕ್ಕರೆ ಮೇಲ್ಮೈ ಕರಕಲಾಗಿ ನಡುಭಾಗ ಹಸಿಯಾಗಿ ಉಳಿಯುತ್ತದೆ.

ಇಲ್ಲಿನ ಕೇಕಿಗೆ ಇಲ್ಲಿನದೇ ಗುಣಗಳೂ ಸೇರಿದವು. ಅದರ ಕಡುಕಂದು ಬಣ್ಣ ಬಹುಮಟ್ಟಿಗೆ ಸುಟ್ಟ ಸಕ್ಕರೆಯದು. ಸಕ್ಕರೆಯನ್ನು ಕಪ್ಪಾಗುವ ಹಂತದವರೆಗೆ ಕರಗಿಸಿ, ಸರಿಯಾದ ಗಳಿಗೆಯಲ್ಲಿ ಬಿಸಿನೀರು ಹೊಯ್ಯಬೇಕು. ಒಂದು ಕ್ಷಣ ತಡವಾದರೆ ಕಹಿ. ಕೆಂಪು, ಹಸಿರು ಬಣ್ಣದ ಟೂಟಿ ಫ್ರೂಟಿ ಎಂಬುದು ಸಕ್ಕರೆ ಪಾಕದಲ್ಲಿ ನೆನೆದ ಪಪ್ಪಾಯಿ ಕಾಯಿ. ಒಣಹಣ್ಣುಗಳನ್ನು ವಾರಗಟ್ಟಲೆ ರಮ್ಮಿನಲ್ಲಿ ನೆನೆಹಾಕುವುದು ರುಚಿಗೂ ಹೌದು, ಬಾಳಿಕೆಗೂ ಹೌದು. ಮದ್ಯವೂ ಸಕ್ಕರೆಯೂ ಸೇರಿದ ಕಡೆ ಬೂಸು ಬರುವುದು ಕಷ್ಟ. ಕುಸ್ವಾರನ್ನು ಕಾದ ಎಣ್ಣೆ ಕಾಪಾಡಿದರೆ ಕೇಕನ್ನು ಇವೆರಡೂ ಕಾಪಾಡುತ್ತವೆ.

ಅದಲುಬದಲು

ಬೇಕರಿಯ ಕೆಲಸ ಮನೆಯೊಳಕ್ಕೆ ಬಂದದ್ದು ನಿಧಾನವಾಗಿ. ಕುಕ್ಕರಿನ ತಳದಲ್ಲಿ ಮರಳು ಹರಡಿ, ಸೀಟಿ ತೆಗೆದಿಟ್ಟು ಕೇಕು ಬೇಯಿಸುವ ಜಾಣತನ ಮೊದಲಿಗೆ. ಮುಚ್ಚಳದಲ್ಲಿ ಗಾಜಿನ ಕಿಂಡಿಯಿದ್ದ ದುಂಡನೆಯ ಅಲ್ಯೂಮಿನಿಯಂ ಓವನ್ ಆಮೇಲೆ. ಈಗ ಅಡುಗೆಮನೆಯ ಕಟ್ಟೆಯ ಮೇಲೆ ಸಣ್ಣ ವಿದ್ಯುತ್ ಓವನ್ ಇರುವ ಮನೆಗಳಿಗೆ ಲೆಕ್ಕವಿಲ್ಲ. 2020ರ ಲಾಕ್‌ಡೌನ್ ದಿನಗಳಲ್ಲಿ ಅದೆಷ್ಟೋ ಮಂದಿ ಮನೆಯಲ್ಲೇ ಕೇಕು ಮಾಡಲು ಕಲಿತರು, ಕೆಲವರು ಮಾರಲೂ ತೊಡಗಿದರು. ಇವರಲ್ಲಿ ಹೆಂಗಸರದೇ ದೊಡ್ಡ ಪಾಲು.

ಅದೇ ಹೊತ್ತಿಗೆ ಕುಸ್ವಾರ್ ಮನೆ ಬಿಟ್ಟಿತು. ಒಂದು ಕಾಲಕ್ಕೆ ತಾಯಿ, ಅತ್ತೆ, ನಾದಿನಿ, ಮಕ್ಕಳು, ನೆರೆಮನೆಯವರು ಸುತ್ತ ಕುಳಿತು ಮಾಡುತ್ತಿದ್ದ ಕೆಲಸಕ್ಕೆ ಈಗ ಕೈಗಳಿಲ್ಲ. ಕುಟುಂಬಗಳು ಚಿಕ್ಕವಾದವು, ಮಕ್ಕಳು ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಿಗೆ ಹೋದರು, ಹೆಂಗಸರು ಕಚೇರಿ, ಶಾಲೆ, ಆಸ್ಪತ್ರೆಗಳಲ್ಲಿ ದುಡಿಯತೊಡಗಿದರು. ಫ್ಲಾಟಿನ ಪುಟ್ಟ ಅಡುಗೆಮನೆಯಲ್ಲಿ ಮೂರು ರಾತ್ರಿ ಎಣ್ಣೆ ಕಾಯಿಸುವುದು ಯಾರಿಗೆ ಸಾಧ್ಯ? ಬೇಕರಿಗಳೂ ಮನೆಯಿಂದ ಮಾಡಿ ಮಾರುವ ಮಹಿಳೆಯರೂ ಈ ತೆರವನ್ನು ತುಂಬಿದರು. ಇಂದು ಕುಸ್ವಾರ್ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ದುಬೈಗೆ ಹೊರಟವರ ಪೆಟ್ಟಿಗೆಯಲ್ಲೂ ಅದಕ್ಕೊಂದು ಜಾಗವಿದೆ.

ಇದನ್ನು ಬರೀ ನಷ್ಟವೆಂದು ಕೊರಗುವವರು ಒಂದು ಮಾತನ್ನು ಮರೆಯುತ್ತಾರೆ. ‘ಮನೆಯಲ್ಲೇ ಮಾಡಿದ್ದು’ ಎಂದು ನಾವು ಹೊಗಳುವ ರುಚಿಯ ಹಿಂದೆ ಹಗಲಿನ ದುಡಿಮೆ ಮುಗಿಸಿ ನಡುರಾತ್ರಿಯವರೆಗೆ ಒಲೆಯ ಮುಂದೆ ಬೆವರಿದ ಹೆಂಗಸರಿದ್ದರು. ಆ ಶ್ರಮಕ್ಕೆ ಲೆಕ್ಕವೂ ಇರಲಿಲ್ಲ, ಕೂಲಿಯೂ ಇರಲಿಲ್ಲ. ನೂರಾರು ಕಿಡ್ಯೊ ಸುತ್ತುವುದಕ್ಕೆ ಎಷ್ಟು ಹೊತ್ತು ಬೇಕೆಂಬುದು ಹಲವರಿಗೆ ಅರಿವಾದದ್ದು ಅಂಗಡಿಯ ಬೆಲೆಚೀಟಿ ನೋಡಿದಾಗ. ಮಾರಾಟಕ್ಕೆ ಮಾಡುವ ಮಹಿಳೆಗೆ ಈಗ ಆ ಕೈಚಳಕ ಡಿಸೆಂಬರ್ ತಿಂಗಳ ಸಂಪಾದನೆ.

ಹೋದದ್ದೂ ಇದೆ. ಮನೆಮನೆಯ ಕುಸ್ವಾರಿಗೆ ಒಂದೊಂದು ಗುರುತಿತ್ತು. ಒಬ್ಬರ ನೆವ್ರ್ಯೊ ಹೂರಣದಲ್ಲಿ ಎಳ್ಳು ಮುಂದು, ಇನ್ನೊಬ್ಬರಲ್ಲಿ ಏಲಕ್ಕಿ ಮುಂದು. ತಟ್ಟೆ ಕಂಡೊಡನೆ ಇದು ಯಾರ ಮನೆಯದೆಂದು ಹೇಳಬಹುದಿತ್ತು. ಅಂಗಡಿಯ ತಿಂಡಿಗೆ ಒಂದೇ ಅಳತೆ, ಒಂದೇ ರುಚಿ. ತೆಂಗಿನ ಅಂಶ ಹೆಚ್ಚಿದಷ್ಟೂ ತಿಂಡಿ ಬೇಗ ಕನರುತ್ತದೆ. ತಿಂಗಳುಗಟ್ಟಲೆ ಕಪಾಟಿನಲ್ಲಿ ಉಳಿಯಬೇಕಾದ ಪೊಟ್ಟಣಕ್ಕೆ ಅದು ಒಗ್ಗುವುದಿಲ್ಲ. ಕೊಕ್ಕಿಸಾಂ ಅಚ್ಚನ್ನು ಎಷ್ಟು ಅದ್ದಬೇಕೆಂಬ ತಿಳಿವಳಿಕೆ ಪುಸ್ತಕದಲ್ಲಿ ಓದಿ ಬರುವಂಥದ್ದಲ್ಲ. ಅಜ್ಜಿಯ ಪಕ್ಕ ಕುಳಿತು ನಾಲ್ಕು ಸಲ ಕೆಡಿಸಿದ ಮೇಲೆ ಬರುವಂಥದ್ದು.

ತಟ್ಟೆಯ ಲೆಕ್ಕ

ಕುಸ್ವಾರ್ ಎಂದರೆ ಬರೀ ತಿಂಡಿಗಳ ಪಟ್ಟಿಯಾಗಿದ್ದರೆ ಮಾತು ಇಲ್ಲಿಗೆ ಮುಗಿಯುತ್ತಿತ್ತು. ಅದು ಮುಖ್ಯವಾಗಿ ಹಂಚುವ ತಟ್ಟೆ. ಬಂಧುಗಳಿಗೆ, ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೆ, ಕೆಲಸದವರಿಗೆ, ಅಂಚೆಯವನಿಗೆ ಬಟ್ಟೆ ಮುಚ್ಚಿದ ತಟ್ಟೆಗಳು ಹೋಗುತ್ತವೆ. ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿಯಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ದೀಪಾವಳಿಗೆ ಈ ಮನೆಯಿಂದ ಹೋದದ್ದು ಡಿಸೆಂಬರಿನಲ್ಲಿ ಆ ಮನೆಯಿಂದ ಬರುತ್ತದೆ. ವರ್ಷದಲ್ಲಿ ಯಾವ ಯಾವ ಮನೆಯೊಂದಿಗೆ ಸಂಬಂಧ ಹೇಗಿದೆ ಎಂಬುದರ ಲೆಕ್ಕ ಈ ತಟ್ಟೆಗಳಲ್ಲಿರುತ್ತದೆ.

ಇದರಲ್ಲಿ ಗಮನಿಸಬೇಕಾದ ಒಂದು ನಡವಳಿಕೆಯಿದೆ. ಸಾವು ಸಂಭವಿಸಿದ ಮನೆಯಲ್ಲಿ ಆ ವರ್ಷ ಹಬ್ಬಕ್ಕೆ ಬಾಣಲೆ ಇಡುವುದಿಲ್ಲ. ಆದರೆ ಆ ಮನೆಯ ಮಕ್ಕಳು ಕುಸ್ವಾರ್ ಇಲ್ಲದೆ ಇರುವುದೂ ಇಲ್ಲ. ನೆಂಟರೂ ನೆರೆಯವರೂ ತಮ್ಮ ತಮ್ಮ ಮನೆಯಿಂದ ಕಳಿಸುತ್ತಾರೆ. ಆ ಮನೆಗೆ ಹೋಗುವ ತಟ್ಟೆಯಲ್ಲಿ ಎಂದಿಗಿಂತ ಹೆಚ್ಚು ಇರುವುದು ರೂಢಿ. ಉಪವಾಸದ ರಾತ್ರಿಯ ಸಮಾಧಾನದ ಊಟಕ್ಕೆ ಇಟ್ಟ ಹಳೆಯ ಹೆಸರು ಇಂದಿಗೂ ತಕ್ಕದ್ದೇ ಎನಿಸುವುದು ಇಂತಹ ಕಡೆ.

ತಟ್ಟೆಯಲ್ಲಿರುವುದು ಮನೆಯಲ್ಲಿ ಕರಿದದ್ದೋ, ಬೇಕರಿಯಿಂದ ತಂದು ಸುರಿದದ್ದೋ ಎಂಬುದು ಕಳಿಸಿಕೊಂಡವರಿಗೆ ಅಷ್ಟು ಮುಖ್ಯವಾಗಲಾರದು. ಯಾರ ಮನೆಯಲ್ಲಿ ಈ ವರ್ಷ ಒಲೆ ಹಚ್ಚಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳುವ ಕೆಲಸ ಮಾತ್ರ ಯಾವ ಬೇಕರಿಯಿಂದಲೂ ಆಗದು. ಓವನ್ ಮನೆಗೆ ಬಂದರೂ, ಬಾಣಲೆ ಅಂಗಡಿಗೆ ಹೋದರೂ ಆ ಕೆಲಸ ನೆರೆಯವರ ಪಾಲಿಗೇ ಉಳಿದಿದೆ.